ರೀಕಾಲ್ ಮುಗಿಸಿ ಬಂದ ಕಾರಿನಲ್ಲಿ ಪೆಟ್ರೋಲ್ ವಾಸನೆ: ಡೀಲರ್ ಸರ್ವೀಸ್‌ಗೆ ಐದಕ್ಕೆ ಎರಡು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ರೀಕಾಲ್ ಬಗ್ಗೆ ನನಗೆ ತಕರಾರಿಲ್ಲ. ಕಂಪನಿಯವರೇ ತಪ್ಪು ಒಪ್ಪಿಕೊಂಡು, ಕರೆದು, ಪುಕ್ಕಟೆ ಪಾರ್ಟ್ ಹಾಕಿಕೊಡುತ್ತಾರೆ ಅಂದರೆ ಒಳ್ಳೆಯದೇ ಅಲ್ವಾ. ನನ್ನ ಸಿಟ್ಟು ಆ ಪಾರ್ಟ್ ಹಾಕಿದ ಕೈ ಮೇಲೆ. ಅದಕ್ಕಿಂತ ಜಾಸ್ತಿ, ಆಮೇಲೆ "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸರ್" ಅಂತ ಮೂರು ಸಲ ಹೇಳಿದ ಬಾಯಿ ಮೇಲೆ.

ನನ್ನ ಕಾರಿಗೆ ಬಂದಿದ್ದು ಫ್ಯುಯಲ್ ಪಂಪ್ ರೀಕಾಲ್, ಅಂದರೆ ಟ್ಯಾಂಕಿನೊಳಗೆ ಕೂತು ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನದು. ಪಂಪಿನೊಳಗೆ ಇಂಪೆಲ್ಲರ್ ಅಂತ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ ಇರುತ್ತದೆ. ಕೆಲವು ಬ್ಯಾಚಿನಲ್ಲಿ ಅದು ಪೆಟ್ರೋಲ್ ಹೀರಿ ಊದಿಕೊಂಡು ಪಂಪಿನ ಒಳಗೋಡೆಗೆ ಉಜ್ಜಲು ಶುರುವಾಗುತ್ತದೆ, ಒಂದು ದಿನ ತಿರುಗುವುದನ್ನೇ ನಿಲ್ಲಿಸುತ್ತದೆ, ಓಡುತ್ತಿರುವ ಗಾಡಿ ನಡುರಸ್ತೆಯಲ್ಲಿ ಆಫ್. 2020ರಿಂದೀಚೆಗೆ ಇದೊಂದೇ ಕಾರಣಕ್ಕೆ ಒಂದಕ್ಕಿಂತ ಹೆಚ್ಚು ಕಂಪನಿಗಳು ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆದಿವೆ. ಚಾಸಿಸ್ ನಂಬರಿನ 17 ಅಕ್ಷರ ಹಾಕಿ ನೋಡಿದೆ, ನನ್ನದೂ ಲಿಸ್ಟಿನಲ್ಲಿತ್ತು. (ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ. ಓ ಥರ ಕಾಣುವುದೆಲ್ಲ ಸೊನ್ನೆ. ನಾನು ಎರಡು ಸಲ ತಪ್ಪಾಗಿ ಹೊಡೆದು ಕಂಪ್ಯೂಟರನ್ನು ಬೈದಿದ್ದೆ.)

ಬುಕಿಂಗ್ ಸಲೀಸಾಗಿ ಆಯಿತು. ಬೆಳಿಗ್ಗೆ ಬಿಟ್ಟೆ, ಮಧ್ಯಾಹ್ನ ಕೊಟ್ಟರು, ತೊಳೆದೂ ಕೊಟ್ಟಿದ್ದರು. ಎರಡು ಸ್ಟಾರ್‌ನಲ್ಲಿ ಒಂದು ಇದಕ್ಕೆ.

ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಟ್ಯಾಂಕ್ ಫುಲ್ ಮಾಡಿಸಿ ಬಂಕಿನಿಂದ ಹೊರಗೆ ತಿರುಗಿಸಿದೆ ನೋಡಿ, ಒಳಗೆಲ್ಲ ಪೆಟ್ರೋಲ್ ವಾಸನೆ. ಕೈಗೆ ಏನಾದರೂ ಹತ್ತಿರಬೇಕು ಅಂತ ಮೂಸಿಕೊಂಡೆ, ಇಲ್ಲ. ನೆಟ್ಟಗೆ ಹೋಗುವಾಗ ಕಡಿಮೆ, ತಿರುವಿನಲ್ಲಿ ಗಪ್ಪಂತ ಜಾಸ್ತಿ. ಜೊತೆಗೆ ಇನ್ನೊಂದು ವಿಚಿತ್ರ: ಟ್ಯಾಂಕ್ ತುಂಬಿದೆ, ಮೀಟರಿನ ಮುಳ್ಳು ಮುಕ್ಕಾಲಿಗೇ ನಿಂತಿದೆ.

ವಾಪಸ್ ಹೋದೆ. ಸರ್ವೀಸ್ ಅಡ್ವೈಸರ್ ಬಾನೆಟ್ ಎತ್ತಿ ಮೂಸಿದರು. ವಾಸನೆ ಬರುತ್ತಿರುವುದು ಹಿಂದಿನ ಸೀಟಿನ ಹತ್ತಿರ, ಇವರು ಮೂಸುತ್ತಿರುವುದು ಮುಂದೆ! "ಕಂಠಮಟ್ಟ ತುಂಬಿಸಿದ್ದೀರಿ ಸರ್, ಸ್ವಲ್ಪ ಓಡಿಸಿ, ತಾನೇ ಹೋಗುತ್ತದೆ" ಅಂದರು. ಹೋಯಿತು ಕೂಡ. ಅರ್ಧ ಟ್ಯಾಂಕಿಗೆ ಬರುವಷ್ಟರಲ್ಲಿ ವಾಸನೆ ಮಾಯ. ಸುಮ್ನೆ ಅನುಮಾನ ಪಟ್ಟೆನೇನೋ ಅಂದುಕೊಳ್ಳುವಾಗಲೇ ಚೆಕ್ ಎಂಜಿನ್ ಲೈಟ್ ಹತ್ತಿತು.

ಎರಡನೇ ಸಲ ಹೋದಾಗ ಸ್ಕ್ಯಾನರ್ ಹಾಕಿದರು, ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿದರು, "ಸೆನ್ಸರ್ ಏನೋ ಕನ್‌ಫ್ಯೂಸ್ ಆಗಿತ್ತು, ರೀಕಾಲ್‌ಗೆ ಸಂಬಂಧ ಇಲ್ಲ" ಅಂದರು. ಯಾವ ಕೋಡ್ ಅಂತ ಕೇಳಿದೆ, ಹೇಳಲಿಲ್ಲ. ಮಾಡಿದ ಕೆಲಸ ಬರೆದುಕೊಡುವ ಜಾಬ್ ಕಾರ್ಡಿನಲ್ಲಿ ಬರೆಯಲೂ ಇಲ್ಲ. ವಾರದಲ್ಲಿ ಲೈಟ್ ಮತ್ತೆ ಬಂತು. ಈ ಸಲ ಗೆಳೆಯನ ಹತ್ತಿರ ಇದ್ದ ಓಬಿಡಿ ರೀಡರ್ (ಆ ಕೋಡ್ ಓದುವ ಸಣ್ಣ ಯಂತ್ರ) ತಂದು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದೆ. ಪಿ0456. ಇಂಧನದ ಆವಿ ಎಲ್ಲೋ ಸಣ್ಣದಾಗಿ ಸೋರುತ್ತಿದೆ ಅಂತ ಅರ್ಥ. ಅರ್ಧ ಮಿಲಿಮೀಟರ್ ತೂತಿನಷ್ಟು ಸೋರಿಕೆ ಇದ್ದರೂ ಗಾಡಿ ಇದನ್ನು ಹಿಡಿಯುತ್ತದೆ.

ಇದು ಗೊತ್ತಾದ ಮೇಲೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಗಾಡಿಯ ಕಂಪ್ಯೂಟರ್ ಆಗಾಗ ಟ್ಯಾಂಕನ್ನು ಮುಚ್ಚಿ ಗಾಳಿ ಸೋರುತ್ತದಾ ಅಂತ ಪರೀಕ್ಷೆ ಮಾಡುತ್ತದೆ. ಟ್ಯಾಂಕ್ ಪೂರ್ತಿ ತುಂಬಿದ್ದರೆ ಮಾಡುವುದಿಲ್ಲ, ತೀರಾ ಖಾಲಿ ಇದ್ದರೂ ಮಾಡುವುದಿಲ್ಲ. ಸಾಮಾನ್ಯವಾಗಿ ಎರಡು ಸಲ ಫೇಲ್ ಆದ ಮೇಲೇ ಲೈಟ್ ಹಚ್ಚುತ್ತದೆ. ಅಂದರೆ ವಾಸನೆ ಇದ್ದಾಗ ಲೈಟ್ ಇಲ್ಲ, ಲೈಟ್ ಬರುವಾಗ ವಾಸನೆ ಇಲ್ಲ. ಕೋಡ್ ಅಳಿಸಿ ಒಂದು ರೌಂಡ್ ಹೊಡೆದು ಬಂದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಅಡ್ವೈಸರ್‌ಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಮೂರನೇ ಸಲ ಹೋಗುವ ಮುಂಚೆ ಹೊರಗಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಬೇಕಂತಲೇ ಮತ್ತೆ ಫುಲ್ ಟ್ಯಾಂಕ್ ಮಾಡಿಸಿಕೊಂಡು ಹೋದೆ. ಹಿಂದಿನ ಸೀಟ್ ಎತ್ತಿ, ನೆಲದಲ್ಲಿದ್ದ ತಗಡಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಪಂಪನ್ನು ಟ್ಯಾಂಕಿಗೆ ಕಚ್ಚಿಸುವ ರಿಂಗಿನ ಸುತ್ತ ಧೂಳು ಒಂದೇ ಪಕ್ಕದಲ್ಲಿ ಒದ್ದೆಯಾಗಿ ಕಪ್ಪಗಾಗಿತ್ತು. ರಿಂಗಿನ ಮೇಲಿನ ಗುರುತೂ ಟ್ಯಾಂಕಿನ ಮೇಲಿನ ಗುರುತೂ ಎದುರುಬದುರಾಗಿರಬೇಕು, ಇಲ್ಲಿ ಒಂದು ಬೆರಳಷ್ಟು ಆಚೆ ಇತ್ತು. ಅದರಡಿಯ ರಬ್ಬರ್ ಸೀಲ್ ತೋಡಿನಿಂದ ಜಾರಿ, ಬನಿಯನ್ ಅಂಚು ಹೊರಗೆ ಇಣುಕಿದ ಹಾಗೆ ಇಣುಕುತ್ತಿತ್ತು. "ಹಳೇ ಸೀಲನ್ನೇ ಹಾಕಿದ್ದಾರೆ" ಅಂದರು ಅವರು. ಪೆಟ್ರೋಲಿನಲ್ಲಿ ನೆನೆದ ರಬ್ಬರ್ ಹಿಗ್ಗಿರುತ್ತದೆ, ತೆಗೆದ ಮೇಲೆ ಮತ್ತೆ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಪ್ರತಿ ಸಲ ಹೊಸದೇ ಹಾಕಬೇಕು. ಅವರು ಏನನ್ನೂ ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ಮುಟ್ಟಿದರೆ ಡೀಲರ್ "ಹೊರಗೆ ಬಿಚ್ಚಿಸಿದ್ದೀರಿ" ಅಂತ ಕೈ ತೊಳೆದುಕೊಳ್ಳುತ್ತಾರೆ, ಅದೂ ಅಲ್ಲದೆ ಆವಿ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು. ಬರೀ ಫೋಟೋ ತೆಗೆದೆವು.

ಫೋಟೋ, ಕೋಡ್, ಎರಡು ಹಳೆಯ ಜಾಬ್ ಕಾರ್ಡ್ ಹಿಡಿದುಕೊಂಡು ಹೋದೆ. ಅಡ್ವೈಸರ್ ಮತ್ತೆ "ಸಂಬಂಧ ಇಲ್ಲ" ಅಂತ ಬಾಯಿ ತೆರೆದರು. ನಾನು ಜೋರು ಮಾಡಲಿಲ್ಲ. ಫ್ಲೋರ್ ಮ್ಯಾನೇಜರನ್ನು ಕರೆಸಿ ಫೋಟೋ ತೋರಿಸಿ ಒಂದೇ ಪ್ರಶ್ನೆ ಕೇಳಿದೆ: "ಈ ರಿಂಗನ್ನು ಕೊನೆಗೆ ತಿರುಗಿಸಿದ್ದು ಯಾರು?" ಆಮೇಲೆ ಗಾಡಿಯನ್ನು ಒಳಗೆ ತಗೊಂಡರು. ಹೊಸ ಸೀಲ್ ಹಾಕಲು ಹಿಡಿದದ್ದು ಒಂದು ಗಂಟೆಯೂ ಇಲ್ಲ. ಆ ಮ್ಯಾನೇಜರ್ ಹಳೇ ಸೀಲನ್ನು ತಂದು ಕೈಗೆ ಕೊಟ್ಟು "ನಮ್ಮದೇ ತಪ್ಪು" ಅಂದರು. ಎರಡನೇ ಸ್ಟಾರ್ ಅವರಿಗೆ.

ಮುಳ್ಳಿನ ಕತೆ ಇನ್ನೂ ಎಳೆದಾಡಿತು. ಮಟ್ಟ ತೋರಿಸುವ ತೇಲುವ ಬಿರಡೆ ಇರುವುದು ಅದೇ ಪಂಪಿನ ಜೊತೆ, ಉದ್ದನೆಯ ತಂತಿಯ ತುದಿಯಲ್ಲಿ. ಟ್ಯಾಂಕಿನ ಬಾಯಿಯೊಳಗೆ ಓರೆಯಾಗಿ ಇಳಿಸದೆ ತುರುಕಿದರೆ ತಂತಿ ಬಾಗುತ್ತದೆ. ಇದನ್ನು ಮಾತ್ರ ಡೀಲರ್‌ನವರು ಒಪ್ಪಲಿಲ್ಲ, ಸವೆದಿದೆ ಅಂದರು. ಹೊಸ ಪಂಪು ಮೂರು ವಾರದಲ್ಲಿ ಸವೆಯುತ್ತದಾ? ಕಂಪನಿಯ ಕಸ್ಟಮರ್ ಕೇರ್‌ಗೆ ಚಾಸಿಸ್ ನಂಬರ್, ರೀಕಾಲ್ ನಂಬರ್, ತಾರೀಖುಗಳು, ಫೋಟೋ ಎಲ್ಲ ಹಾಕಿ ಮೇಲ್ ಮಾಡಿದೆ, ಬೈಗುಳ ಒಂದೂ ಇಲ್ಲದೆ. ಎರಡು ದಿನದಲ್ಲಿ ಅದೇ ಡೀಲರ್‌ನಿಂದ ಫೋನ್, "ಯಾವಾಗ ತರುತ್ತೀರಿ ಸರ್?"

ನನ್ನ ಲೆಕ್ಕದಲ್ಲಿ ಇಷ್ಟಕ್ಕೆಲ್ಲ ಮೂಲ ಆತುರ. ರೀಕಾಲ್ ಕೆಲಸಕ್ಕೆ ಕಂಪನಿ ಡೀಲರ್‌ಗೆ ಇಷ್ಟು ಗಂಟೆಯ ಕೂಲಿ ಅಂತ ಕಟ್ಟಿ ಕೊಡುತ್ತದೆ, ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಮೆಕ್ಯಾನಿಕ್ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಪಾಪ ಅವತ್ತು ಅವನ ಮುಂದೆ ಇಂಥವೇ ಇನ್ನೂ ಎಷ್ಟು ಗಾಡಿ ನಿಂತಿದ್ದವೋ. ನೀವು ಇದೇ ರೀಕಾಲ್‌ಗೆ ಹೋಗುವವರಿದ್ದರೆ ಗಾಡಿ ವಾಪಸ್ ತಗೊಳ್ಳುವಾಗ ಹೊಸ ಸೀಲ್ ಹಾಕಿದ್ದು ಜಾಬ್ ಕಾರ್ಡಿನಲ್ಲಿ ಇದೆಯಾ ನೋಡಿ, ಅವತ್ತೇ ಟ್ಯಾಂಕ್ ಫುಲ್ ಮಾಡಿಸಿ ನಾಲ್ಕು ತಿರುವು ತಿರುಗಿಸಿ. ವಾಸನೆ ಬಂದರೆ ಮನೆಗೆ ಒಯ್ಯಬೇಡಿ, ಅಲ್ಲಿಂದಲೇ ಡೀಲರ್‌ಗೆ ಫೋನ್ ಮಾಡಿ ಗಾಡಿ ಎತ್ತಿಸಿಕೊಂಡು ಹೋಗಲು ಹೇಳಿ. ನಾನು ಹಾಗೇ ಓಡಿಸಿಕೊಂಡು ಹೋದದ್ದು ದಡ್ಡತನ.

ಈಗ ವಾಸನೆ ಇಲ್ಲ, ಲೈಟ್ ಇಲ್ಲ, ಮುಳ್ಳು ಫುಲ್ ತನಕ ಹೋಗುತ್ತದೆ. ಹಿಂದಿನ ಸೀಟಿನ ಎಡಗಡೆಯ ಕ್ಲಿಪ್ ಮಾತ್ರ ಹಂಪ್ ಬಂದಾಗಲೆಲ್ಲ ಕಟಕ್ ಅನ್ನುತ್ತದೆ, ಮೊದಲು ಅನ್ನುತ್ತಿರಲಿಲ್ಲ. ಕೇಳಿದೆ. ರೀಕಾಲ್‌ಗೂ ಅದಕ್ಕೂ ಸಂಬಂಧ ಇಲ್ಲವಂತೆ.