ಪ್ರತಿಭಾವಂತರ ತರಗತಿ: ಶಿಕ್ಷಕರ ಶಿಫಾರಸೋ, ಎಲ್ಲರಿಗೂ ಪರೀಕ್ಷೆಯೋ?
ಅಮೆರಿಕದಲ್ಲಿರುವ ಕನ್ನಡಿಗ ಪೋಷಕರೇ, ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ (gifted program) ಮಕ್ಕಳನ್ನು ಹೇಗೆ ಆರಿಸಬೇಕು ಅಂತ ನಿಮ್ಮೂರಿನ ಶಾಲಾ ಮಂಡಳಿ ಅಭಿಪ್ರಾಯ ಕೇಳಿದರೆ ಫ್ಲೋರಿಡಾದ ಬ್ರೋವರ್ಡ್ ಕೌಂಟಿಯನ್ನು ನೋಡಿ.

ಅಲ್ಲಿ ಮೊದಲು ಶಿಕ್ಷಕರು ಅಥವಾ ಪೋಷಕರು ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಐಕ್ಯೂ (ಬುದ್ಧಿಮಟ್ಟದ) ಪರೀಕ್ಷೆ ನಡೆಯುತ್ತಿತ್ತು. ಇದಕ್ಕೆ ಖರ್ಚು ಕಡಿಮೆ. ಮಗುವನ್ನು ದಿನವೂ ನೋಡುವ ಶಿಕ್ಷಕರ ಮಾತಿಗೂ ಬೆಲೆ ಇದೆ. ಆದರೆ ಹೇಗೆ ಕೇಳಬೇಕು ಅಂತ ಗೊತ್ತಿರುವ ಮನೆಯವರಿಗೇ ಲಾಭ ಜಾಸ್ತಿ. ದುಡ್ಡಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರಿಂದಲೂ ಪರೀಕ್ಷೆ ಮಾಡಿಸಬಹುದಿತ್ತು.

2005ರಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಹಂತದ ಪರೀಕ್ಷೆ ಶುರುವಾಯಿತು. ಅದರಲ್ಲಿ ಓದುವ ಕೆಲಸವಿಲ್ಲ, ಬರೀ ಆಕಾರಗಳ ಒಗಟು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗುವೂ ಬಿಡಿಸಬಹುದು. ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಐಕ್ಯೂ ಪರೀಕ್ಷೆ. ಅರ್ಹತೆಯ ಐಕ್ಯೂ ಮಟ್ಟವನ್ನು ಇಳಿಸಲಿಲ್ಲ: ಸಾಮಾನ್ಯವಾಗಿ 130, ಬಡ ಮಕ್ಕಳಿಗೆ ಮತ್ತು ಇಂಗ್ಲಿಷ್ ಕಲಿಯುವವರಿಗೆ ಮೊದಲಿನಂತೆ 116. ಆದರೂ ಆಯ್ಕೆಯಾದ ಬಡ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಬಹಳ ಏರಿತು. ಅಂದರೆ ಈ ಮಕ್ಕಳು ಮೊದಲೂ ಅಲ್ಲೇ ಇದ್ದರು, ಅಲ್ವಾ? ಯಾರೂ ಹೆಸರು ಬರೆದಿರಲಿಲ್ಲ, ಅಷ್ಟೇ.

ಎಲ್ಲರ ಪರೀಕ್ಷೆಗೆ ಖರ್ಚಿದೆ, ನಿಜ. ಬಜೆಟ್ ಕಡಿತ ಬಂದಾಗ ಬ್ರೋವರ್ಡ್ ಇದನ್ನು ನಿಲ್ಲಿಸಿತು, ಈ ಮಕ್ಕಳಿಗೂ ಉಳಿದವರಿಗೂ ನಡುವಿನ ಹಳೆಯ ಅಂತರ ಮರಳಿತು. ನನ್ನ ಮತ ಎಲ್ಲರ ಪರೀಕ್ಷೆಗೇ. ಶಿಕ್ಷಕರ ಶಿಫಾರಸು ಅದರ ಜೊತೆಗಿರಲಿ, ಬಾಗಿಲು ಕಾಯಲು ಬೇಡ.