ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ: ಕಾಸಿಗೆ ತಕ್ಕ ಕಜ್ಜಾಯವೇ?

ಐದಕ್ಕೆ ಮೂರೂವರೆ ಸ್ಟಾರ್.

ರಾಜ್ಯ ಸರ್ಕಾರದ ಅನುದಾನದಲ್ಲಿ ನಮ್ಮ ಬೀದಿಗೆ ಚರಂಡಿ ಆಯಿತು, ಮೊದಲ ಮಳೆಗೇ ಬಾಯಿಬಿಟ್ಟಿತು. ಗುತ್ತಿಗೆದಾರರ ಬಳಿ ಬಹಳ ವರ್ಷ ಬಿಲ್ಲು ಬರೆದವನು ನಾನು. ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿಯ ನಮೂನೆ ‘ಎ’ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆ.

‘ಕೆಲಸ ಯಾಕೆ ಕಳಪೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಾಗದದ ಹೆಸರು ಹಿಡಿದೇ ಕೇಳಬೇಕು: ಅಂದಾಜು ಪಟ್ಟಿ, ಕಾರ್ಯಾದೇಶ, ಕ್ಯೂಬ್ ಟೆಸ್ಟ್ (ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆ) ವರದಿ, ಬಿಲ್ಲು, ಎಂ.ಬಿ. (ಮೆಷರ್‌ಮೆಂಟ್ ಬುಕ್, ಅಂದರೆ ಅಳತೆ ಪುಸ್ತಕ) ನಕಲು. ಇದರಲ್ಲಿ ಎಂ.ಬಿ.ಯೇ ಜೀವಾಳ. ಇಂಜಿನಿಯರು ಉದ್ದ, ಅಗಲ, ದಪ್ಪ ಬರೆದು ಸಹಿ ಹಾಕುವುದು ಅದರಲ್ಲೇ, ದುಡ್ಡು ಪಾಸಾಗುವುದೂ ಆ ಲೆಕ್ಕದ ಮೇಲೆಯೇ. ಹಾಳೆ ಸಿಕ್ಕಿತೋ, ಟೇಪು ಹಿಡಿದು ಅಳೆದರಾಯಿತು. ನಾವೂ ಅಳೆದೆವು. ಗೋಡೆಯ ದಪ್ಪ ಪುಸ್ತಕದಲ್ಲಿ 150 ಮಿ.ಮೀ., ಬೀದಿಯಲ್ಲಿ 110 ದಾಟಲಿಲ್ಲ.

ಅರ್ಜಿ ತಲುಪಿದ ಕೂಡಲೇ ಕಚೇರಿಯಿಂದ ಫೋನು: ‘ಯಾಕ್ ಸಾರ್ ಬೇಕಿತ್ತು?’ ಕಾರಣ ಹೇಳಬೇಕಿಲ್ಲ, 2005ರ ಕಾಯ್ದೆಯ ಕಲಂ 6(2) ಓದಿಕೊಳ್ಳಿ ಅಂದೆ. 30 ದಿನದ ಗಡುವು ದಾಟಿದ ಮೇಲೆ ನಕಲಿನ ಹಣ ಕಟ್ಟಿ ಎಂದು ಪತ್ರ ಬಂತು. ತಡವಾದರೆ ಪುಕ್ಕಟೆ ಕೊಡಬೇಕು, ಅದು ಕಲಂ 7(6). ತೋರಿಸಿದೆ, ಕೊಟ್ಟರು. ಅರ್ಜಿ ಹಾಕುವ ಮೊದಲು ಈ ಎರಡು ಕಲಂ ಬಾಯಿಪಾಠ ಮಾಡಿಕೊಳ್ಳಿ.

ಅರ್ಧ ಸ್ಟಾರ್ ಕತ್ತರಿಸಿದ್ದು ಕರ್ನಾಟಕದ ನಿಯಮಕ್ಕೆ: ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. (ಕನ್ನಡದಲ್ಲಿ ಕೂಡಿಸಿ ಬರೆದರೆ ಒಂದಿಷ್ಟು ಜಾಸ್ತಿಯೇ ಹಿಡಿಸುತ್ತದೆ, ಆ ಮಾತು ಬೇರೆ.) ಪೂರ್ತಿ ಒಂದು ಸ್ಟಾರ್ ಹೋದದ್ದು ಮೇಲ್ಮನವಿಗೆ. ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನಮಗೆ ಗಡುವುಂಟು, ಆಯೋಗ ಇಂತಿಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಮಾತ್ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ! ಆಯೋಗ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಅದು ಮಾಹಿತಿ ಮುಚ್ಚಿಟ್ಟಿದ್ದಕ್ಕೆ, ಚರಂಡಿ ಕೆಡಿಸಿದ್ದಕ್ಕಲ್ಲ. ನುಂಗಿದ ದುಡ್ಡು ವಾಪಸು ಬರುವ ದಾರಿ ಈ ಹತ್ತು ರೂಪಾಯಿಯಲ್ಲಿಲ್ಲ. ಅದಕ್ಕೆ ಲೋಕಾಯುಕ್ತಕ್ಕೆ ಪ್ರಮಾಣಪತ್ರದ ಸಮೇತ ಬೇರೆ ದೂರು ಕೊಡಬೇಕು.

ನಕಲು ಕೈಗೆ ಬಂದಾಗ ಪ್ರತಿ ಹಾಳೆಗೂ ದೃಢೀಕರಣದ ಸೀಲು, ಸಹಿ ಇದೆಯೇ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ನೆನಪಾದರೆ ಮತ್ತೆ ಆ ಮೆಟ್ಟಿಲು ಹತ್ತಬೇಕು.