ಹಿತ್ತಾಳೆ ಕೇಸಾ, ಸ್ಟೀಲ್ ಕೇಸಾ? ಎರಡನ್ನೂ ಮತ್ತೆ ತುಂಬಿ ನೋಡಿದ್ದು

ಸ್ಟೀಲ್ ತೋಟಾ ಕೇಸನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಚಿಪ್ಪನ್ನು, ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಬುಲೆಟ್ ಹಾಕಿ ಮತ್ತೆ ತುಂಬಬಹುದು. ಆದರೆ ಎಲ್ಲವನ್ನೂ ಅಲ್ಲ, ಬಹಳ ಸಲವೂ ಅಲ್ಲ. ಗ್ರೀನ್ ಕಾರ್ಡ್ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಗ ಹಿತ್ತಾಳೆ, ಸ್ಟೀಲ್ ಎರಡನ್ನೂ ಒಂದೇ ಪ್ರೆಸ್‌ನಲ್ಲಿ (ತೋಟಾ ತುಂಬುವ ಕೈಯಂತ್ರ) ತುಂಬಿ, ಒಂದೇ .45 ಪಿಸ್ತೂಲಿನಲ್ಲಿ ಹೊಡೆದು ನೋಡಿದ್ದೇನೆ. ಅಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ.

ಈಗ ನನ್ನ ಕೆಲಸ ತೋರಣಗಲ್ಲಿನಲ್ಲಿ, ಉಕ್ಕಿನ ಜೊತೆಗೇ. ಬಳ್ಳಾರಿಯಲ್ಲಿ ಎನ್‌ಸಿಸಿಗೆ ಹೋಗುವ ಅಕ್ಕನ ಮಗ ಮೊನ್ನೆ ಕೇಳಿದ: "ಮಾವ, ಫೈರಿಂಗ್ ಆದ ಮೇಲೆ ಖೋಕಾ ಎಲ್ಲ ಎಣಿಸಿ ವಾಪಸ್ ತಗೋತಾರೆ. ಮತ್ತೆ ತುಂಬ್ತಾರಾ?" ಖೋಕಾ ಅಂದರೆ ಇದೇ ಖಾಲಿ ಕೇಸು. ಅವನು ಹೊಡೆಯುವುದು .22 ರೈಫಲ್. ಅದರಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಒಮ್ಮೆ ರೈಫಲ್ಲಿನ ಪಿನ್ನು ಬಡಿದರೆ ಆ ಅಂಚು ಜಜ್ಜಿಹೋಗುತ್ತದೆ. ಹಿತ್ತಾಳೆಯದಾದರೂ ಅದು ಮತ್ತೆ ತುಂಬುವ ಕೇಸಲ್ಲ.

ದೊಡ್ಡ ತೋಟಾಗಳಲ್ಲಿ ಲೋಹ ಯಾವುದು ಅನ್ನುವ ಮೊದಲು ಒಳಗೆ ಇಣುಕಿ ನೋಡಬೇಕು. ತಳದಲ್ಲಿ ನಟ್ಟನಡುವೆ ಒಂದೇ ತೂತು ಇದ್ದರೆ ಅದು ಬಾಕ್ಸರ್ ಪ್ರೈಮರ್ ಕೇಸು. ನಡುವೆ ಒಂದು ಉಬ್ಬು, ಅದರ ಪಕ್ಕದಲ್ಲಿ ಎರಡು ಸಣ್ಣ ತೂತು ಇದ್ದರೆ ಬರ್ಡನ್. ಕೇಸನ್ನು ಅಳತೆಗೆ ತರಲು ಪ್ರೆಸ್ಸಿಗೆ ಹಾಕುವ ಅಚ್ಚೇ ಡೈ. ಮಾಮೂಲಿ ಡೈಯಲ್ಲಿ ಹಳೇ ಪ್ರೈಮರ್ ತಳ್ಳುವ ಪಿನ್ನು ನೇರ ನಡುವೆಯೇ ಇಳಿಯುತ್ತದೆ. ಬರ್ಡನ್ ಕೇಸು ಹಾಕಿದರೆ ಆ ಉಬ್ಬಿಗೆ ಬಡಿದು ಪಿನ್ನೇ ಮುರಿಯುತ್ತದೆ. ರಷ್ಯಾದಿಂದ ಬರುತ್ತಿದ್ದ ಅಗ್ಗದ ಸ್ಟೀಲ್ ತೋಟಾಗಳಲ್ಲಿ ಬರ್ಡನ್ನೇ ಜಾಸ್ತಿ. ಹಾಗಾಗಿ "ಸ್ಟೀಲ್ ಆಗಲ್ಲ" ಅನ್ನುವ ಮಾತಿಗೆ ಅರ್ಧ ಕಾರಣ ಸ್ಟೀಲೇ ಅಲ್ಲ, ಈ ತೂತುಗಳು. ಹಾರ್ನಡಿ ಕಂಪನಿಯ ಸ್ಟೀಲ್ ಮ್ಯಾಚ್ ತೋಟಾಗಳಲ್ಲಿ ಬಾಕ್ಸರ್ ಇತ್ತು. ನಾನು ತುಂಬಿದ್ದೂ ಅವನ್ನೇ.

ಇನ್ನರ್ಧ ಕಾರಣ ಲೋಹದ್ದು. ಕೇಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಗುಂಡು ಹಾರುವಾಗ ಕೇಸು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಕೂಡಲೇ ಕುಗ್ಗಿ ಗೋಡೆ ಬಿಡಬೇಕು. ಲೋಹ ಎಷ್ಟು ಕುಗ್ಗುತ್ತದೆ ಅನ್ನುವುದು ಅದರ ಬಲವನ್ನು ಬಿಗಿತದಿಂದ ಭಾಗಿಸಿದ ಲೆಕ್ಕ. ಉಕ್ಕಿನ ಬಿಗಿತ ಸುಮಾರು 200 ಗಿಗಾಪಾಸ್ಕಲ್, ಹಿತ್ತಾಳೆಯದು ಸುಮಾರು 110. ಎರಡರ ಬಲವೂ ಹತ್ತಿರ ಹತ್ತಿರ ಇದ್ದರೆ, ಹಿತ್ತಾಳೆ ಹೆಚ್ಚುಕಡಿಮೆ ಎರಡರಷ್ಟು ಹಿಂದಕ್ಕೆ ಬರುತ್ತದೆ. ಪ್ರೆಸ್ಸಿನ ಹಿಡಿ ಎಳೆದಾಗ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹಿತ್ತಾಳೆ ಸಲೀಸಾಗಿ ಅಳತೆಗೆ ಬಂತು. ಸ್ಟೀಲಿಗೆ ಜಾಸ್ತಿ ಬಲ ಹಾಕಬೇಕಾಯಿತು, ಬಾಯಿ ಬುಲೆಟ್ಟನ್ನು ಹಿಡಿಯುವ ಬಿಗಿಯೂ ಒಂದೇ ಸಮ ಇರಲಿಲ್ಲ. ನನ್ನ ಡೈ ಟಂಗ್‌ಸ್ಟನ್ ಕಾರ್ಬೈಡ್‌ನದು, ಅದಕ್ಕೇನೂ ಆಗಲಿಲ್ಲ. ಮಾಮೂಲಿ ಉಕ್ಕಿನ ಡೈಯಲ್ಲಿ ನಾನಂತೂ ಸ್ಟೀಲ್ ಕೇಸು ಹಾಕುವುದಿಲ್ಲ.

ಹಿತ್ತಾಳೆಗೆ ಇನ್ನೊಂದು ಗುಣ ಇದೆ. ಪದೇ ಪದೇ ಒತ್ತಿದರೆ ಗಡಸಾಗುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಹಿತ್ತಾಳೆ ಕೊಡದ ತಗ್ಗು ತೆಗೆಯುವವರು ಮೊದಲು ಬೆಂಕಿ ತೋರಿಸುವುದು ಇದಕ್ಕೇ ಅಲ್ವಾ. ರೈಫಲ್ ಕೇಸಿನ ಬಾಯಿಯನ್ನಷ್ಟೇ ಹೀಗೆ ಕಾಯಿಸಿ ಆಯಸ್ಸು ಹೆಚ್ಚಿಸುತ್ತಾರೆ. ಬುಡಕ್ಕೆ ಶಾಖ ತಾಗಬಾರದು, ಅದು ಗಟ್ಟಿಯಾಗಿಯೇ ಇರಬೇಕು. ಸ್ಟೀಲ್ ಕೇಸನ್ನು ಹೀಗೆ ಮನೆಯಲ್ಲಿ ಕಾಯಿಸಿದರೆ ಮೇಲಿನ ಲೇಪನ ಸುಟ್ಟುಹೋಗುತ್ತದೆ.

ಆ ಲೇಪನವೇ ಸ್ಟೀಲಿನ ಜೀವ. ಅರಗು, ಪಾಲಿಮರ್, ಸತು ಹೀಗೆ ಏನಾದರೊಂದು ಬಳಿದಿರುತ್ತಾರೆ. ಡೈಯಲ್ಲಿ ಉಜ್ಜಿ ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ಶುರು. ನಾನು ತುಂಬಿಟ್ಟ ಸ್ಟೀಲ್ ಕೇಸುಗಳಲ್ಲಿ ಮೊದಲು ಕಂಡ ದೋಷ ಇದೇ. ಆಮೇಲೆ ಕೆಲವು ಬಾಯಿ ಹತ್ತಿರ ಸೀಳಿದವು. ಅವುಗಳ ಜೊತೆಯ ಹಿತ್ತಾಳೆ ಕೇಸುಗಳು ಇನ್ನೂ ಚೆನ್ನಾಗಿದ್ದವು. ಗುರಿಯಲ್ಲಿ ಮಾತ್ರ, ಹತ್ತಿರದ ದೂರಕ್ಕೆ, ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಹಿತ್ತಾಳೆಗೆ ಕಾಯಿಲೆ ಇಲ್ಲ ಅಂತಲ್ಲ. 19ನೇ ಶತಮಾನದಲ್ಲಿ ನಮ್ಮ ದೇಶದಲ್ಲೇ, ಬ್ರಿಟಿಷ್ ಸೇನೆ ಕುದುರೆ ಲಾಯದಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ಜೊತೆಗೆ ಲೋಹದಲ್ಲಿ ಉಳಿದ ಒತ್ತಡ ಇದಕ್ಕೆ ಕಾರಣ ಎಂದು 1921ರಲ್ಲಿ ವಿವರಿಸಿದರು. ಅಮೋನಿಯಾ ಇರುವ ಪಾಲಿಶ್‌ನಿಂದ ಕೇಸು ತೊಳೆಯಬೇಡಿ ಅನ್ನುವುದು ಅದಕ್ಕೇ. ಈ ಒಂದು ವಿಷಯದಲ್ಲಿ ಸ್ಟೀಲೇ ಮೇಲು.

ಅಲ್ಯುಮಿನಿಯಂ ಕೇಸು? ಬಿಟ್ಟುಬಿಡಿ. ಬೇಗ ಸೀಳುತ್ತದೆ, ಮಾಡುವವರೇ ಮತ್ತೆ ತುಂಬಬೇಡಿ ಅನ್ನುತ್ತಾರೆ.

ಸ್ಟೀಲ್ ಕೇಸು ಕಳಪೆ ಅಂದರೆ ನನಗೆ ಬೇಜಾರಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಸಾಲದೆ ಬಂದಾಗ, ಅಮೆರಿಕದ ಇವಾನ್ಸ್‌ವಿಲ್‌ನಲ್ಲಿ ಕಾರು ಮಾಡುವ ಕ್ರೈಸ್ಲರ್ ಕಂಪನಿ ನೂರಾರು ಕೋಟಿ .45 ತೋಟಾ ಮಾಡಿತು. ಅದರಲ್ಲಿ ಬಹುಪಾಲು ಸ್ಟೀಲ್ ಕೇಸು. ಒಮ್ಮೆ ಹೊಡೆದು ಬಿಡಲು ಮಾಡಿದ ಕೇಸು ಅದು, ಆ ಕೆಲಸ ಸರಿಯಾಗಿಯೇ ಮಾಡಿತು.

ಹಾಗಾದರೆ ಯಾವುದು? ಹಿತ್ತಾಳೆ ಸಿಗುತ್ತಿರುವವರೆಗೂ ನಾನು ಹಿತ್ತಾಳೆಯನ್ನೇ ಆರಿಸುತ್ತೇನೆ. ಅದು ಸಿಗದಿದ್ದರೆ, ಕಡಿಮೆ ಒತ್ತಡದ ಪಿಸ್ತೂಲಿಗೆ, ಬಾಕ್ಸರ್ ಸ್ಟೀಲನ್ನು ಒಂದೆರಡು ಸಲ ತುಂಬುವುದು ಸರಿ. .45ರ ಗರಿಷ್ಠ ಒತ್ತಡ 21,000 ಪಿಎಸ್ಐ (ಚದರ ಇಂಚಿಗೆ ಪೌಂಡ್), .223 ರೈಫಲ್‌ನದು 55,000. ರೈಫಲ್‌ಗೆ ಸ್ಟೀಲ್ ತುಂಬುವ ಸಾಹಸ ನಾನು ಮಾಡಲಿಲ್ಲ, ಮಾಡುವುದೂ ಇಲ್ಲ. ಸ್ಟೀಲನ್ನು ಹಿತ್ತಾಳೆಯಿಂದ ಬೇರೆ ಮಾಡಲು ಅಯಸ್ಕಾಂತ ಸಾಕು, ಖಾಲಿ ಕೇಸಿಗೆ ಹಿಡಿಯಿರಿ. ತುಂಬಿದ ತೋಟಾಗೆ ಹಿಡಿದರೆ ಕೆಲವು ಬುಲೆಟ್ಟುಗಳಲ್ಲಿರುವ ಉಕ್ಕಿಗೂ ಅಂಟಿ ಮೋಸವಾಗಬಹುದು.

ಇದೆಲ್ಲ ಅಲ್ಲಿನ ಮಾತು. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತೋಟಾದ ಭಾಗಗಳು, ತೋಟಾ ಮಾಡುವ ಯಂತ್ರ ಎರಡೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಪ್ರೆಸ್ಸು, ಡೈ, ಕೇಸು ಎಲ್ಲವನ್ನೂ ಅಲ್ಲೇ ಗೆಳೆಯನಿಗೆ ಕೊಟ್ಟು ಬಂದೆ. ಅಕ್ಕನ ಮಗನಿಗೂ ಹೇಳಿದ್ದೇನೆ, ಖೋಕಾ ಒಂದನ್ನೂ ಸುಮ್ನೆ ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳಬೇಡ, ಎಣಿಸಿ ವಾಪಸ್ ಕೊಡು ಅಂತ.